ಸಾಹೇಬರ ಗುಪ್ತ ಫೈಲು

ಹಳೆಯ ಟೀವಿಯ ಗೂಢಚಾರರ ಹಾಸ್ಯ ಧಾರಾವಾಹಿ ಸಿನಿಮಾ ಆಗುತ್ತಿತ್ತು. ಅಂದು ಗೂಢಚಾರರ ಸಾಹೇಬರಾಗಿ ನಗಿಸಿದ್ದ ವಾಮನಮೂರ್ತಿಯವರೇ ಮತ್ತೆ ಅದೇ ಪಾತ್ರಕ್ಕೆ ಬಂದಿದ್ದರು. ಆದರೆ ವಯಸ್ಸಾಗಿ ಪಾತ್ರದ ಮಾತು ಮರೆತುಹೋಗುತ್ತಿತ್ತು.

"ಇನ್ನೊಂದು ಸಲ ತಪ್ಪಿದರೆ ಬೇರೆಯವರನ್ನು ಹಾಕ್ತೀನಿ," ಎಂದರು ನಿರ್ಮಾಪಕ ಜಯಸಿಂಹ.

ಉಡುಪು ನೋಡಿಕೊಳ್ಳುವ ಚೆಲುವಮ್ಮ ಒಂದು ಫೈಲಿನೊಳಗೆ ವಾಮನಮೂರ್ತಿಯವರ ಮಾತುಗಳನ್ನು ದಪ್ಪಕ್ಷರದಲ್ಲಿ ಬರೆದು ತಂದರು. "ಸಾಹೇಬ್ರು ಬರಿಗೈಲಿ ನಿಂತ್ರೆ ಚೆನ್ನಾಗಿರಲ್ಲ. ಇದನ್ನ ಹಿಡ್ಕೊಳ್ಳಿ."

ವಾಮನಮೂರ್ತಿ ಫೈಲು ತೆರೆದು ಕಣ್ಣಾಡಿಸಿದರು. ಒಂದೇ ಸಲಕ್ಕೆ ಮಾತೆಲ್ಲ ಆಡಿ ಮುಗಿಸಿದರು. ಸೆಟ್ಟಿಗೆ ಸೆಟ್ಟೇ ನಕ್ಕಿತು. ಚೆಲುವಮ್ಮ ಬಂದು ಫೈಲು ವಾಪಸು ತೆಗೆದುಕೊಂಡರು.

"ಆ ಫೈಲು ಕೊಡಮ್ಮ," ಎಂದರು ಜಯಸಿಂಹ.

ಚೆಲುವಮ್ಮ ಅದನ್ನು ಎದೆಗವಚಿಕೊಂಡರು. "ಗುಪ್ತ ಫೈಲು ಸಾರ್. ತೋರಿಸೋ ಹಾಗಿಲ್ಲ."

ಜಯಸಿಂಹ ಮುದುಕರತ್ತ ನೋಡಿದರು. ಅವರು ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಆಯ್ತು, ನಾನು ನೋಡಲ್ಲ. ನಾಳೆಯ ದೃಶ್ಯಕ್ಕೂ ಇಂಥದ್ದೊಂದು ಬರೆದಿಡಮ್ಮ," ಎಂದರು.