ಹೊಳೆಯುವ ಕಲ್ಲಿನ ಕೆಳಗಿನ ಟೊಳ್ಳು

ನಾನು ಹೆಚ್ಚು ಓದಿದವಳಲ್ಲ. ನನ್ನ ಅಕ್ಷರ ಅಂದವಾಗಿಲ್ಲ, ಮಾತುಗಳೂ ಸಾಲುವುದಿಲ್ಲ. ಕಥೆ ಬರೆಯುತ್ತಿರುವುದು ಇದೇ ಮೊದಲು. ಓದುವ ಹಿರಿಯರೂ ಮಕ್ಕಳೂ ಈ ಕೊರತೆಯನ್ನು ಸಹಿಸಿಕೊಳ್ಳಬೇಕು.

ಇಳಕಲ್ಲಿನಲ್ಲಿ ಮಹಾಂತಪ್ಪ ಎಂಬ ಕಲ್ಲಿನ ವ್ಯಾಪಾರಿ ಇದ್ದನು. ಅಲ್ಲಿಯ ಕೆಂಪು ಕಲ್ಲನ್ನು ಕೊಯ್ಸಿ, ಹೊಳಪು ಕೊಡಿಸಿ, ದೂರದ ಊರುಗಳಿಗೆ ಕಳುಹಿಸುತ್ತಿದ್ದನು. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವಳು ಅಕ್ಕ ಗುರುಬಸವ್ವ. ಆಕೆಗೆ ಲಕ್ವ ಹೊಡೆದು ಬಲಗಾಲು ಸೋತುಹೋಯಿತು. ನೀರಿನಲ್ಲಿ ನಡೆದರೆ ಕಾಲಿಗೆ ಬಲ ಬರಬಹುದೆಂದು ವೈದ್ಯರು ಹೇಳಿದರು. ಮಹಾಂತಪ್ಪನು ಹಿತ್ತಲಿನಲ್ಲಿ ಈಜುಕೊಳವನ್ನೇ ಕಟ್ಟಿಸಿದನು. ಮೆಲ್ಲಮೆಲ್ಲನೆ ಅಕ್ಕನ ಕಾಲು ಹೇಳಿದ ಮಾತು ಕೇಳತೊಡಗಿತು.

ಕೊಳದ ಗೋಡೆಯಲ್ಲಿ, ಮೆಟ್ಟಿಲ ಪಕ್ಕದಲ್ಲಿ, ಸ್ಕಿಮ್ಮರ್ ಎಂಬ ಚೌಕದ ಬಾಯಿ ಇತ್ತು. ನೀರಿನ ಮೇಲೆ ತೇಲುವ ಎಲೆ, ಕಸವನ್ನು ಅದು ಎಳೆದುಕೊಳ್ಳುತ್ತಿತ್ತು. ಗುರುಬಸವ್ವ ಪ್ರತಿದಿನ ಬೆಳಿಗ್ಗೆ ಆ ಬಾಯಿಯ ಮೇಲಿನ ಅಂಚನ್ನು ಹಿಡಿದು ನೀರಿಗೆ ಇಳಿಯುತ್ತಿದ್ದಳು, ಅದನ್ನೇ ಹಿಡಿದು ಏರುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅದರ ಸುತ್ತಲಿನ ಕಾಂಕ್ರೀಟ್ ಉದುರತೊಡಗಿತು.

"ತಮ್ಮಾ, ನಿನ್ನ ಕೊಳದ ಹಲ್ಲು ಉದುರಾಕ ಹತ್ಯಾವು. ನನಗಿಂತ ಮೊದಲ ಇದಕ್ಕ ಮುಪ್ಪಾತೇನು?" ಎಂದು ಅಕ್ಕ ನಕ್ಕಳು.

ಗಾರೆ ಕೆಲಸದ ಗೌಂಡಿ ರಾಜೇಸಾಬನನ್ನು ಕರೆಸಿದರು. ಅವನು ನೋಡಿ ಹೇಳಿದನು: "ಸಾವಕಾರ್ರ, ನೀರು ಈ ಬಾಯಿಗಿಂತ ಕೆಳಗ ಇಳಿಸ್ರಿ. ಸಡ್ಲ ಆಗಿದ್ದೆಲ್ಲಾ ಒಡದು ತಗೀಬೇಕು. ಹೊಸಾದು ಹಾಕಿದ ಮ್ಯಾಲ ಅದು ಗಟ್ಟಿ ಆಗೂಮಟ ಯಾರೂ ಇಳಿಯೂಹಂಗಿಲ್ಲ."

ಅದೇ ವಾರ ಪರ ಊರಿನ ವ್ಯಾಪಾರಿಗಳು ಮಹಾಂತಪ್ಪನ ಮನೆಗೆ ಊಟಕ್ಕೆ ಬರುವವರಿದ್ದರು.

"ಕಲ್ಲಿನ ಸಾವಕಾರನ ಮನ್ಯಾಗ ಒಡಕು ಕಂಡ್ರ ಮಂದಿ ನಗೂದಿಲ್ಲೇನೋ? ಇದರ ಮ್ಯಾಲ ಒಂದು ಚಲೋ ಕಲ್ಲು ಕುಂದರಸು, ಸಾಕು" ಎಂದು ಮಹಾಂತಪ್ಪ ರಾಜೇಸಾಬನಿಗೆ ಹೇಳಿದನು.

ಕಲ್ಲಿಗೆ ಕೆಳಗಿನ ನೆಲೆ ಗಟ್ಟಿಯಿರಬೇಕೆಂದು ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದವನು ಅವನೇ. ಆ ದಿನ ಆ ಮಾತನ್ನು ತನಗೆ ತಾನು ಹೇಳಿಕೊಳ್ಳಲಿಲ್ಲ.

ಬಂದವರು ಒಡಕಿನ ಮೇಲೆ ಕೂರಿಸಿದ ಕೆಂಪು ಕಲ್ಲನ್ನು ಸವರಿ ಸವರಿ ಹೊಗಳಿದರು. ಅವರು ಹೋದ ಮೇಲೆ ಸರಿಮಾಡಿಸುವೆನೆಂದು ಮಹಾಂತಪ್ಪ ಅಂದುಕೊಂಡಿದ್ದನು. ಆದರೆ ಒಡಕು ಕಾಣುತ್ತಿರಲಿಲ್ಲ. ಕಾಣದ್ದು ಮರೆತುಹೋಯಿತು. ನೀರು ಮಾತ್ರ ಒಳಗೊಳಗೇ ಸಡಿಲ ಮರಳನ್ನು ಒಯ್ಯುತ್ತಲೇ ಇತ್ತು.

ಒಂದು ಬೆಳಿಗ್ಗೆ ಗುರುಬಸವ್ವ ಬೆರಳ ಗೆಣ್ಣಿನಿಂದ ಕಲ್ಲನ್ನು ತಟ್ಟಿದಳು. "ತಮ್ಮಾ, ಟೊಳ್ಳು ಸಪ್ಪಳ ಬರ್ತೈತಿ."

"ಅಕ್ಕಾ, ಕಲ್ಲಿನ ವ್ಯಾಪಾರ ನಂದೋ, ನಿಂದೋ?"

"ನಿಂದ ಬಿಡಪಾ. ನೀ ಗಟ್ಟಿ ಅಂದ ಮ್ಯಾಲ ಗಟ್ಟಿನ ಇರ್ತೈತಿ" ಎಂದು ಆಕೆ ಮತ್ತೆ ಅದರ ಮೇಲೆಯೇ ಕೈಯಿಟ್ಟಳು.

ಸ್ವಲ್ಪ ದಿನಗಳಲ್ಲೇ, ಮೇಲೇರುವಾಗ, ಆಕೆಯ ಭಾರಕ್ಕೆ ಕಲ್ಲು ಕಿತ್ತು ಬಂದಿತು. ಕಲ್ಲಿನೊಡನೆ ಆಕೆಯೂ ಹಿಂದಕ್ಕೆ ಬಿದ್ದು ಮುಳುಗಿದಳು. ಮಹಾಂತಪ್ಪನ ಹೆಂಡತಿ ಸುಲೋಚನಾ ಉಟ್ಟ ಸೀರೆಯಲ್ಲೇ ಹಾರಿ ಎತ್ತಿ ಹಿಡಿದಳು. ಜೀವ ಉಳಿಯಿತು.

ಮಹಾಂತಪ್ಪನು ಅಂದೇ ನೀರನ್ನು ಇಳಿಸಿದನು. ಸಡಿಲವಾದದ್ದನ್ನೆಲ್ಲ ಒಡೆಸಿ ತೆಗೆಸಿದನು. ಹೊಸ ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹೊದಿಸಿ ತಾನೇ ನೀರುಣಿಸಿದನು. ಅಂಚು ಕಬ್ಬಿಣದಂತಾಯಿತು.

"ಅಕ್ಕಾ, ಬಾ. ನಾನ ಬಡದು ನೋಡೇನಿ" ಎಂದು ಕರೆದನು.

ಅಕ್ಕ ಕೈ ಚಾಚಿದಳು. ಅಂಚು ಮುಟ್ಟುವ ಮೊದಲೇ ಕೈ ತಾನಾಗಿ ಹಿಂದೆ ಬಂದಿತು.

"ಗಟ್ಟಿ ಆಗೇತಿ ತಮ್ಮಾ, ನನಗ ಗೊತ್ತೈತಿ. ಈ ಕೈಗೆ ಗೊತ್ತಾಗವಲ್ದು ನೋಡು."

ಆಕೆ ಮತ್ತೆ ನೀರಿಗೆ ಇಳಿಯಲಿಲ್ಲ. ಕಾಲು ಮೊದಲಿನಂತೆ ಬಿಗಿದುಕೊಂಡಿತು. ಮಹಾಂತಪ್ಪನು ಈಗಲೂ ಪ್ರತಿದಿನ ಬೆಳಿಗ್ಗೆ ಸ್ಕಿಮ್ಮರಿನ ಎಲೆಗಳನ್ನು ತೆಗೆದು, ನೀರನ್ನು ತಿಳಿಯಾಗಿಟ್ಟು, ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿರುತ್ತಾನೆ.

ನೀತಿ: ಕೆಟ್ಟದ್ದನ್ನು ಚೆಲುವಾದದ್ದರಿಂದ ಮುಚ್ಚಬಾರದು. ಹಾಗೆ ಮುಚ್ಚಿದರೆ ಮೊದಲು ಬೀಳುವವರು ನಮ್ಮ ಮಾತನ್ನು ನಂಬಿ ಅದರ ಮೇಲೆ ಕೈಯಿಟ್ಟವರು. ಅಂಚನ್ನು ಆಮೇಲೆಯೂ ಕಟ್ಟಬಹುದು, ಅವರ ಧೈರ್ಯವನ್ನು ಕಟ್ಟಿಕೊಡಲು ನಮ್ಮಿಂದಾಗದು.

ಬರವಣಿಗೆಯಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಿರಿ.