ಬಿಡುಗಡೆಯ ರಿಬ್ಬನ್

ಊರಿನ ಗ್ರಂಥಾಲಯದಲ್ಲಿ ಒಂದು ಕೆಂಪು ರಿಬ್ಬನ್ ಇತ್ತು. ಬಿಡುಗಡೆಯಾಗುವ ಪ್ರತಿ ಪುಸ್ತಕಕ್ಕೂ ಅದನ್ನೇ ಕಟ್ಟಿ, ವೇದಿಕೆಯ ಮೇಲೆ ಬಿಚ್ಚುತ್ತಿದ್ದರು.

"ಹೊಸ ಪುಸ್ತಕ ಯಾವುದೇ ಬರಲಿ, ಮೊದಲು ನೋಡುವುದು ನಾನೇ," ಎಂದು ಅದು ರಟ್ಟು ಕಿತ್ತುಹೋದ ಹಳೇ ಕಾದಂಬರಿಯ ಮುಂದೆ ಜಂಬ ಕೊಚ್ಚಿಕೊಂಡಿತು.

"ನಿನ್ನೆ ಬಂದದ್ದರಲ್ಲಿ ಏನಿದೆ?" ಎಂದು ಕಾದಂಬರಿ ಕೇಳಿತು.

"ಏನಿದೆಯೋ ಏನೋ! ಚಪ್ಪಾಳೆ ಬೀಳುವಷ್ಟರಲ್ಲಿ ನನ್ನನ್ನು ಬಿಚ್ಚಿಬಿಡುತ್ತಾರಲ್ಲ."

"ಹಾಗಾದರೆ ಸ್ವಲ್ಪ ಹೊತ್ತು ನನ್ನೊಳಗೆ ಬಂದು ಕೂತುಕೋ."

ರಿಬ್ಬನ್ ಹಾಳೆಗಳ ನಡುವೆ ನುಸುಳಿತು.

ಮರುದಿನ, ಬಿಡುಗಡೆಯ ಪುಸ್ತಕಕ್ಕೆ ಸುತ್ತುವ ಬಣ್ಣದ ಕಾಗದ ಕೂಗಿತು: "ಎಲ್ಲಿದ್ದೀಯೋ? ಹೊಸ ಪುಸ್ತಕ ಬಂದಿದೆ, ಅತಿಥಿಗಳು ಕಾಯುತ್ತಿದ್ದಾರೆ!"

ಕಾದಂಬರಿಯ ಒಳಗಿನಿಂದಲೇ ರಿಬ್ಬನ್ ಗದರಿತು: "ಸುಮ್ಮನಿರು ಮಾರಾಯ! ಬೇಕಿದ್ದರೆ ದಾರದಲ್ಲಿ ಕಟ್ಟಿಕೊಳ್ಳಲಿ. ಇಲ್ಲಿ ಸತ್ತನೆಂದುಕೊಂಡವನು ಈಗಷ್ಟೇ ಬಂದು ಬಾಗಿಲು ತಟ್ಟಿದ್ದಾನೆ."