ತರಚದ ಅಂಗೈ

“ಮತ್ತ ಬಂದ್ರು. ಒಂದು ಪಾಠ ನೆಟ್ಟಗ ಓದಾಕ ಬಿಡೂದಿಲ್ಲ,” ಎಂದು ತನ್ನಷ್ಟಕ್ಕೆ ಗೊಣಗಿ ಶಾಂಭವಿ ಪುಸ್ತಕ ಮಡಚಿದಳು.

ಹೊಳೆದಂಡೆಯ ಆ ಆಶ್ರಮದಲ್ಲಿ ಸಾತವ್ವ ಎಂಬ ಮುದುಕಿ ಮುರಿದ ಎಲುಬು ಕೂಡಿಸುವುದನ್ನು ಕಲಿಸುತ್ತಿದ್ದಳು. ಎಲುಬು ಮುರಿಯದಂತೆ ಜನರನ್ನು ಕಾಯುವುದನ್ನೂ ಕಲಿಸುತ್ತಿದ್ದಳು. ಅದೇ ದೊಡ್ಡ ವಿದ್ಯೆ ಎನ್ನುತ್ತಿದ್ದಳು.

ಮೂರು ವರ್ಷ ಕಲಿತ ಶಾಂಭವಿಗೆ ಮರುದಿನ ಪರೀಕ್ಷೆ. ಗೆದ್ದರೆ ಹೆಗಲಿಗೆ ಮದ್ದಿನ ಚೀಲ, ಹೊಳೆಯಾಚೆಯ ಏಳು ಊರು ಅವಳ ಪಾಲಿಗೆ.

ಬಂದವರು ಗಂಡ ಹೆಂಡತಿ. ಹೆಂಡತಿಯ ಎಡ ಮುಂಗೈ ಮುರಿದು ಬಾತಿತ್ತು. ಆರು ತಿಂಗಳಲ್ಲಿ ಇದು ಮೂರನೆಯ ಸಲ.

“ಹೆಂಗಾತು?” ಎಂದು ಶಾಂಭವಿ ಅವಳನ್ನು ಕೇಳಿದಳು.

“ಮೆಟ್ಟಿಲ ಮ್ಯಾಲಿಂದ ಜಾರಿ ಬಿದ್ಲು,” ಎಂದ ಗಂಡ. “ನಮ್ಮಾಕಿ ಕಣ್ಣು ನೆತ್ತಿ ಮ್ಯಾಲ ಅದಾವ.”

ಶಾಂಭವಿ ನಕ್ಕಳು. ಹೆಂಡತಿ ನೆಲ ನೋಡುತ್ತ ಕೂತಿದ್ದಳು.

ಶಾಂಭವಿ ಬಿದಿರಿನ ದಬ್ಬೆ ಇಟ್ಟು ಪಟ್ಟಿ ಕಟ್ಟಿದಳು. ದಫ್ತರದಲ್ಲಿ ‘ಜಾರಿ ಬಿದ್ದದ್ದು’ ಎಂದು ಬರೆದಳು. ಅವರನ್ನು ಕಳಿಸಿ ಮತ್ತೆ ಪುಸ್ತಕ ಬಿಚ್ಚಿದಳು.

ಸಾತವ್ವ ಹೊಳೆಯಿಂದ ಬಂದಳು. ಕೈಯಲ್ಲಿ ಬಟ್ಟೆ ಬಡಿಯುವ ಕೋಲು ಹಾಗೇ ಇತ್ತು. ದಫ್ತರ ನೋಡಿದಳು.

“ಮೂರು ಸಲಾನೂ ಜಾರಿ ಬಿದ್ಲೇನು?”

“ಹೌದ್ರಿ ಅವ್ವಾ.”

“ಹಂಗಾದ್ರ ಮೆಟ್ಟಿಲಿಗೆ ಪಟ್ಟಿ ಕಟ್ಟು, ಹೋಗು. ಬೀಳಾಕಿ ನೆಲಕ್ಕ ಏನು ಊರ್ತಾಳ?”

“ಅಂಗೈ.”

“ಅಕಿ ಅಂಗೈ ನೋಡಿದೇನು?”

ಶಾಂಭವಿ ನೆನಪಿಸಿಕೊಂಡಳು. ಒಂದು ಗೀರೂ ಇರಲಿಲ್ಲ.

“ತರಚಿರಲಿಲ್ರಿ.”

ಸಾತವ್ವ ಥಟ್ಟನೆ ಕೋಲೆತ್ತಿ ಅವಳ ತಲೆಗೆ ಬೀಸಿದಳು.

ಶಾಂಭವಿಯ ಎಡಗೈ ತಾನಾಗಿಯೇ ಮುಖಕ್ಕೆ ಅಡ್ಡ ಬಂತು. ಕೋಲು ಮುಂಗೈಗೆ ತಾಗಿಯೂ ತಾಗದಂತೆ ನಿಂತಿತು. ಆಗಷ್ಟೇ ಅವಳು ಪಟ್ಟಿ ಕಟ್ಟಿದ್ದೂ ಅದೇ ಜಾಗಕ್ಕೆ.

ಶಾಂಭವಿ ಕೈ ಇಳಿಸಿದಳು. “ಅಕಿ ಹೇಳಬಹುದಿತ್ತಲ್ರಿ.”

“ಹೊಡೆದವ ಬಗಲಾಗ ನಿಂತಿರಬೇಕಾದ್ರ? ನೀ ಕೇಳಿದ್ದು ಯಾರನ್ನ, ಹೇಳಿದವ ಯಾರು?”

ಸಾತವ್ವ ಕೋಲು ಕೆಳಗಿಟ್ಟಳು.

“ಅವ ಚಾಷ್ಟಿ ಮಾಡಿದ, ನೀ ನಕ್ಕಿ. ಅವನ ಮಾತು, ನಿನ್ನ ನಗಿ ಎರಡೂ ಹೊಳೀತನಕ ಕೇಳಿದ್ವು. ಅಕಿ ಬಗಲಾಗೇ ಇದ್ಲು.”

ಶಾಂಭವಿ ದಂಡೆಗೆ ಓಡಿದಳು.

ಅವರಿದ್ದ ಹರಿಗೋಲು ನಡುಹೊಳೆ ದಾಟಿತ್ತು. ಅಂಬಿಗನನ್ನು ಕೂಗಿದಳು. ನೀರಿನ ಸದ್ದಿಗೆ ಅವನಿಗೆ ಕೇಳಲಿಲ್ಲ. ಬಿಳಿ ಪಟ್ಟಿ ಮಾತ್ರ ಕಾಣುತ್ತಿತ್ತು.

ಹಿಂದೆಯೇ ಬಂದ ಸಾತವ್ವ ದಫ್ತರವನ್ನು ಅವಳ ಕೈಗೆ ತುರುಕಿದಳು.

“ಮುಂದಿನ ಸಲ ಬಂದಾಗ ಗಂಡನ್ನ ಹೊರಗ ನಿಲ್ಲಿಸಿ ಅಕಿನ್ನ ಕೇಳ್ತೀನ್ರಿ, ಅವ್ವಾ,” ಎಂದಳು ಶಾಂಭವಿ.

“ನಾಕನೇ ಸಲ ಅಕಿ ಬರಲೇ ಇಲ್ಲಂದ್ರ, ವಾಸಿ ಆತು ಅಂತ ಬರೀತಿಯೇನು?”